ಅಮ್ಮನ ಸೋಮವಾರ

ಅಮ್ಮನಿಗೆ ರುಮಟಾಯ್ಡ್ ಆರ್ಥ್ರೈಟಿಸ್ ಶುರುವಾಗಿ ನಾಲ್ಕು ವರ್ಷ ಆಯ್ತು. ನಾನೋ, ಇಂಜಿನಿಯರಿಂಗ್ ಓದಿದ ಪ್ರಾಣಿ. ದುಃಖ ಆದರೂ ಎಕ್ಸೆಲ್ ಶೀಟ್ ಮಾಡುವ ಜಾತಿ! ಪ್ರತಿ ಸಲ ರಕ್ತಪರೀಕ್ಷೆ ಆದಾಗಲೂ ಇಎಸ್ಆರ್, ಸಿಆರ್‌ಪಿ ಎಲ್ಲಾ ತುಂಬಿಸಿ ಗ್ರಾಫ್ ಎಳೆದಿಟ್ಟಿದ್ದೆ. ಗೆರೆ ಚೆನ್ನಾಗಿ ಕೆಳಗಿಳಿಯುತ್ತಿತ್ತು. ಊರಿಗೆ ಹೋದಾಗ ಲ್ಯಾಪ್‌ಟಾಪ್ ತೆಗೆದು ತೋರಿಸಿ ಬೀಗಿದ್ದೂ ಉಂಟು.

ಕಳೆದ ದೀಪಾವಳಿಗೆ ಹೋದಾಗ ಗೊತ್ತಾಯ್ತು... ವಾರಕ್ಕೊಮ್ಮೆ ತಗೋಬೇಕಾದ ಮೆಥೊಟ್ರೆಕ್ಸೇಟ್ ಮಾತ್ರೆಯನ್ನ ಅಮ್ಮ ಮೂರು ವಾರದಿಂದ ಮುಟ್ಟೇ ಇಲ್ಲ. ನನಗೆ ಸಿಟ್ಟು ನೆತ್ತಿಗೇರಿತು. "ರಿಪೋರ್ಟ್ ಇಷ್ಟು ಚೆನ್ನಾಗಿ ಬರ್ತಿದೆ, ಈಗ ಯಾಕೆ ಬಿಟ್ಟೆ?" ಅಂತ ಕೂಗಾಡಿದೆ. ಅಮ್ಮ ಸೊಪ್ಪು ಬಿಡಿಸುತ್ತಾ, ತಲೆ ಎತ್ತದೆ ಹೇಳಿದಳು: "ಭಾನುವಾರ ನುಂಗಿದ್ರೆ ಸೋಮವಾರ ಇಡೀ ದಿನ ಏಳಕ್ಕಾಗಲ್ಲ ಕಣೋ. ನಿನ್ನ ಆ ಶೀಟಲ್ಲಿ ನನ್ನ ಸೋಮವಾರ ಎಲ್ಲಿದೆ?"

ಹದಿನಾಲ್ಕು ಕಾಲಂ ಇತ್ತು. ಸೋಮವಾರ ಇರಲಿಲ್ಲ.

ಆಮೇಲೆ ರಾತ್ರಿಯೆಲ್ಲಾ ಕೂತು ಓದಿದೆ. ಈ ಕಾಯಿಲೆಯ ಔಷಧಿಗಳ ಪ್ರಯೋಗದಲ್ಲಿ 'ಎಸಿಆರ್ 20' ಅನ್ನೋ ಅಳತೆಗೋಲು ಬಳಸ್ತಾರೆ, 1995ರದ್ದು. ನೋಯುವ ಕೀಲು, ಊದಿದ ಕೀಲು ಎರಡರ ಎಣಿಕೆಯೂ ಶೇ. 20ರಷ್ಟು ಸುಧಾರಿಸಬೇಕು. ಜೊತೆಗೆ ನೋವು, ಕೆಲಸ ಮಾಡುವ ಶಕ್ತಿ, ರೋಗಿಯ ಅಂದಾಜು, ವೈದ್ಯರ ಅಂದಾಜು, ರಕ್ತಪರೀಕ್ಷೆ ಈ ಐದರಲ್ಲಿ ಮೂರಾದರೂ ಅಷ್ಟೇ ಸುಧಾರಿಸಬೇಕು. ರೋಗಿಯ ಮಾತು ಇಲ್ಲವೇ ಇಲ್ಲ ಅಂತಲ್ಲ. ಆದರೆ ಸುಸ್ತು ಅನ್ನೋದಕ್ಕೆ ಜಾಗ ಇಲ್ಲ. 2002ರಲ್ಲಿ ಆಸ್ಟ್ರೇಲಿಯಾದಲ್ಲಿ ಈ ಅಳತೆಗಳ ಬಗ್ಗೆಯೇ ಚರ್ಚಿಸುವ ಒಮೆರಾಕ್ಟ್ ಸಭೆ ನಡೆದಾಗ, ಮೊದಲ ಬಾರಿಗೆ ರೋಗಿಗಳನ್ನೂ ಕೂರಿಸಿಕೊಂಡರಂತೆ. ಅವರು ಎತ್ತಿದ ಮುಖ್ಯ ಮಾತು ಯಾವುದು ಗೊತ್ತಾ? ಸುಸ್ತು! ನಮ್ಮಲ್ಲಿ ಟೆಸ್ಟ್ ಕೇಸ್ ಎಲ್ಲಾ ಪಾಸ್ ಆಗಿ, ಬಳಸುವವನು ಮಾತ್ರ ತಲೆ ಚಚ್ಚಿಕೊಳ್ಳುತ್ತಾನಲ್ಲ, ಥೇಟ್ ಹಾಗೆ.

ಇನ್ನೊಂದು ವಿಷಯ ನನ್ನೊಳಗಿನ ಪ್ರೋಗ್ರಾಮರ್‌ಗೆ ಬಹಳ ಹಿಡಿಸಿತು. 2010ರಲ್ಲಿ ಮಾರ್ಕ್ ಬಾಯ್ಸೆ ಅನ್ನೋ ಸಂಖ್ಯಾಶಾಸ್ತ್ರಜ್ಞ ಬರೆದ ವಿಧಾನ. ಹೊಸ ಔಷಧಿ ಪಡೆದ ಪ್ರತಿಯೊಬ್ಬರನ್ನೂ ಪಡೆಯದ ಪ್ರತಿಯೊಬ್ಬರ ಜೊತೆ ಜೋಡಿ ಮಾಡಿ ಹೋಲಿಸೋದು. ಅತ್ತ ನೂರು, ಇತ್ತ ನೂರು ಜನ ಇದ್ದರೆ 10,000 ಜೋಡಿ. ಮೊದಲು ಅತಿ ಮುಖ್ಯವಾದ ಸಂಗತಿ ನೋಡಬೇಕು. ಅದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲದಿದ್ದರೆ ಎರಡನೆಯದು, ಆಮೇಲೆ ಮೂರನೆಯದು. ಕೊನೆಗೆ ಗೆಲುವಿನ ಪಾಲಿನಿಂದ ಸೋಲಿನ ಪಾಲು ಕಳೆದರೆ ಬರೋದೇ ನಿವ್ವಳ ಲಾಭ. ಈಗ ಪ್ರಶ್ನೆ, 'ಮೊದಲು' ಯಾವುದು ಅಂತ ಹೇಳೋರು ಯಾರು? ಅಲ್ಲಿ ರೋಗಿಯ ಆಯ್ಕೆಗೆ ಬಾಗಿಲು ತೆರೆದಿದೆ. ಹಾಗಂತ ಫಲಿತಾಂಶ ನೋಡಿ ಕ್ರಮ ಬದಲಾಯಿಸುವ ಹಾಗಿಲ್ಲ, ಮೊದಲೇ ಬರೆದಿಡಬೇಕು. ಇಲ್ಲದಿದ್ದರೆ ಗೆಲ್ಲೋ ಹಾಗೆ ಜೋಡಿಸಿಕೊಳ್ಳೋದು ಸುಲಭ.

ಮಾರನೇ ದಿನ ಅಮ್ಮನ ಪಕ್ಕ ಕೂತು, "ನಿಂಗೆ ಏನೇನು ಬೇಕು, ಒಂದಾದ ಮೇಲೊಂದು ಹೇಳು" ಅಂದೆ. ಸೋಮವಾರ ಎದ್ದು ಓಡಾಡಬೇಕು. ಕುಕ್ಕರ್ ಮುಚ್ಚಳ ತೆಗೆಯಕ್ಕೆ ಯಾರನ್ನೂ ಕರೀಬಾರದು. ನೋವು ಕಮ್ಮಿಯಾಗಬೇಕು. ಊತ ಕೊನೆಗೆ! ಊತ ಹಾಗೇ ಬಿಟ್ಟರೆ ಕೀಲು ಸವೆದು, ಆಮೇಲೆ ಮುಚ್ಚಳ ತೆಗೆಯೋ ಮಾತೇ ಇರಲ್ಲ ಅಂತ ಹೇಳಿದೆ. ಸ್ವಲ್ಪ ಹೊತ್ತು ಬೆರಳುಗಳನ್ನೇ ನೋಡಿಕೊಂಡಳು. "ಹಾಗಾದ್ರೆ ಅದನ್ನ ಎರಡನೇದು ಮಾಡು. ಸೋಮವಾರ ಮಾತ್ರ ಮೊದಲನೇದೇ."

ಆ ಪಟ್ಟಿ ಹಿಡಿದು ಡಾಕ್ಟರ ಹತ್ರ ಹೋದ್ವಿ. ಅವರು ಓದಿ, ಅದೇ ಔಷಧಿಯನ್ನ ಇಂಜೆಕ್ಷನ್ ರೂಪದಲ್ಲಿ ಕೊಟ್ಟು ನೋಡೋಣ ಅಂದರು. ಪೂರ್ತಿ ಸರಿಹೋಗಿಲ್ಲ. ಮಧ್ಯಾಹ್ನದ ಹೊತ್ತಿಗೆ ಏಳ್ತಾಳೆ.

ಶೀಟಿನಲ್ಲಿ ಈಗ ಹದಿನೈದನೇ ಕಾಲಂ ಇದೆ. ಪ್ರತಿ ಸೋಮವಾರ ಸಂಜೆ ಫೋನ್ ಮಾಡಿ, "ಹತ್ತಕ್ಕೆ ಎಷ್ಟು?" ಅಂತ ಕೇಳ್ತೀನಿ. ಮೊನ್ನೆ ಆರು ಅಂದಳು. ಗೆರೆ ಇನ್ನೂ ಅಂಕುಡೊಂಕಾಗಿಯೇ ಇದೆ.

ನಿಮ್ಮ ಮನೆಯಲ್ಲೂ ಯಾರಾದರೂ ವರ್ಷಗಟ್ಟಲೆ ಮಾತ್ರೆ ನುಂಗುತ್ತಿದ್ದರೆ, ರಿಪೋರ್ಟ್ ಪಕ್ಕಕ್ಕಿಟ್ಟು ಒಂದ್ಸಲ ಕೇಳಿ ನೋಡಿ... ಅವರ ಪಟ್ಟಿಯಲ್ಲಿ ಮೊದಲು ಯಾವುದಿದೆ ಅಂತ.