ಅವನು ಕಾದದ್ದು, ನಾನು ಕತ್ತರಿಸಿದ್ದು

ಗಿಟಾರ್ ಹುಚ್ಚಿನವರ ಮಧ್ಯೆ ‘ಫ್ರೈಡೇ ನೈಟ್ ಇನ್ ಸ್ಯಾನ್ ಫ್ರಾನ್ಸಿಸ್ಕೋ’ ಎಂದು ಬಾಯಿಬಿಟ್ಟರೆ ಸಾಕು, ಮಾತು ವೇಗದ ಕಡೆಗೆ ಹೊರಳುತ್ತದೆ. 1980ರ ಡಿಸೆಂಬರ್ 5ರ ರಾತ್ರಿ ಆ ಊರಿನ ವಾರ್‌ಫೀಲ್ಡ್ ಥಿಯೇಟರಿನಲ್ಲಿ ಪಾಕೊ ಡಿ ಲೂಸಿಯಾ, ಜಾನ್ ಮೆಕ್‌ಲಾಫ್ಲಿನ್, ಆಲ್ ಡಿ ಮಿಯೋಲಾ ಅಕೂಸ್ಟಿಕ್ ಗಿಟಾರ್ ಹಿಡಿದು ಕೂತರು. ಮರುವರ್ಷ ರೆಕಾರ್ಡು ಹೊರಬಂತು. ಮೂವರ ಆಲ್ಬಂ ಎಂದೇ ಅದು ಪ್ರಸಿದ್ಧಿ. ಆದರೆ ಅದರ ಐದು ಟ್ರ್ಯಾಕುಗಳಲ್ಲಿ ಮೊದಲ ಮೂರನ್ನು ನುಡಿಸಿರುವುದು ಇಬ್ಬಿಬ್ಬರೇ. ಮೊದಲನೆಯದರಲ್ಲಿ ಪಾಕೊ ಮತ್ತು ಆಲ್, ಎರಡನೆಯದರಲ್ಲಿ ಜಾನ್ ಮತ್ತು ಆಲ್, ಮೂರನೆಯದರಲ್ಲಿ ಜಾನ್ ಮತ್ತು ಪಾಕೊ. ನನಗೆ ಹುಚ್ಚು ಹಿಡಿಸಿದ್ದು ಆ ಮೂರು ಜೋಡಿಗಳು. ಇಬ್ಬರೇ ಇದ್ದಾಗ ಬಚ್ಚಿಟ್ಟುಕೊಳ್ಳಲು ಜಾಗವಿರುವುದಿಲ್ಲ. ಡ್ರಮ್ಸ್ ಇಲ್ಲ, ಬೇಸ್ ಇಲ್ಲ. ಒಬ್ಬ ಕೈ ಎತ್ತಿದರೆ ಅರ್ಧ ಸಂಗೀತ ನಿಂತುಹೋಗುತ್ತದೆ.

ಹನ್ನೊಂದು ನಿಮಿಷ ದಾಟುವ ಆ ಮೊದಲ ಟ್ರ್ಯಾಕನ್ನು ಹೆಡ್‌ಫೋನ್ ಹಾಕಿ ಕೇಳಬೇಕು. ಎಡಗಿವಿಯಲ್ಲಿ ಪಾಕೊ, ಬಲಗಿವಿಯಲ್ಲಿ ಆಲ್. ಒಬ್ಬ ಬೆರಳ ಉಗುರಿನಿಂದ ನೈಲಾನ್ ತಂತಿ ಮೀಟುವ ಫ್ಲಮೆಂಕೊ ಮನೆತನದವನು, ಇನ್ನೊಬ್ಬ ಪಿಕ್ ಹಿಡಿದು ಸ್ಟೀಲ್ ತಂತಿ ಮೇಲೆ ಓಡುವ ಅಮೆರಿಕದ ಜಾಜ್ ಹುಡುಗ. ಒಣ ಮರದ ಸದ್ದೊಂದು, ಲೋಹದ ಸದ್ದೊಂದು. ಎರಡನೆಯ ಟ್ರ್ಯಾಕಿನಲ್ಲಿ ಇದ್ದಕ್ಕಿದ್ದಂತೆ ‘ಪಿಂಕ್ ಪ್ಯಾಂಥರ್’ ಸಿನಿಮಾದ ಧಾಟಿ ನುಸುಳುತ್ತದೆ, ಸಭಾಂಗಣವಿಡೀ ನಗುತ್ತದೆ. ಆ ನಗುವನ್ನು ತೆಗೆದುಹಾಕಿದ್ದರೆ ತಮಾಷೆಯ ಅರ್ಧ ಹೋಗಿಬಿಡುತ್ತಿತ್ತು.

ನನ್ನನ್ನು ಕೆಡಿಸಿದ ಇನ್ನೊಂದು ಆಲ್ಬಂ ಡೇವ್ ಮ್ಯಾಥ್ಯೂಸ್ ಮತ್ತು ಟಿಮ್ ರೆನಾಲ್ಡ್ಸ್ ಅವರ ‘ಲೈವ್ ಅಟ್ ಲೂಥರ್ ಕಾಲೇಜ್’. ಅಯೋವಾ ರಾಜ್ಯದ ಡೆಕೋರಾ ಎಂಬ ಸಣ್ಣ ಊರಿನ ಕಾಲೇಜಿನಲ್ಲಿ 1996ರ ಫೆಬ್ರುವರಿಯಲ್ಲಿ ನಡೆದ ಕಛೇರಿ ಅದು, ಎರಡು ಸಿ.ಡಿ.ಗಳಾಗಿ ಅಂಗಡಿಗೆ ಬಂದದ್ದು 1999ರಲ್ಲಿ. ಮ್ಯಾಥ್ಯೂಸನ ತಂಡದಲ್ಲಿ ಆಗ ಪಿಟೀಲು, ಸ್ಯಾಕ್ಸೋಫೋನ್, ಡ್ರಮ್ಸ್ ಎಲ್ಲ ಇದ್ದವು. ಇಲ್ಲಿ ಅವೇ ಹಾಡುಗಳು, ಎರಡೇ ಗಿಟಾರು, ಅವನ ಕಂಠ. ‘ಕ್ರ್ಯಾಶ್’ ಎಂಬ ಆಲ್ಬಂಗೆ ಹೋಗಲಿದ್ದ ಹಲವು ಹಾಡುಗಳನ್ನು ಆ ರಾತ್ರಿ ನುಡಿಸಿದರು. ಆ ಆಲ್ಬಂ ಹೊರಬರಲು ಇನ್ನೂ ಎರಡು ತಿಂಗಳಿಗೂ ಹೆಚ್ಚಿತ್ತು. ಎರಡು ಹಾಡಿನ ಮಧ್ಯೆ ಮ್ಯಾಥ್ಯೂಸ್ ಗೊಣಗುತ್ತಾನೆ, ಏನೋ ಹೇಳಿ ನಗಿಸುತ್ತಾನೆ. ನನಗದು ಹಾಡಿನಷ್ಟೇ ಇಷ್ಟ.

ಇವನ್ನೆಲ್ಲ ಇಷ್ಟು ಕೇಳಿದವನಿಗೆ ಬುದ್ಧಿ ಬಂದಿರಬೇಕಿತ್ತು. ಬರಲಿಲ್ಲ. ನಾನು ಕೇಳಿದ್ದೆಲ್ಲ ಮುಂದೆ ಓಡುವವನನ್ನು. ಜೊತೆಯಲ್ಲಿ ಕಾರ್ಡ್ ಹಿಡಿದು ಕೂತವನು ನನ್ನ ಕಿವಿಗೆ ಬಿದ್ದೇ ಇರಲಿಲ್ಲ.

ನಾವೂ ಇಬ್ಬರಿದ್ದೆವು. ನನ್ನದು ನೈಲಾನ್ ತಂತಿ, ಗೆಳೆಯನದು ಸ್ಟೀಲ್. ಹೇಳದೆಯೇ ಹಂಚಿಕೊಂಡ ಕೆಲಸ: ನಾನು ಲೀಡ್, ಅವನು ರಿದಂ. ಅವನ ಹೆಸರು ಇಲ್ಲಿ ಬೇಡ, ಅವನಿಗೂ ಬೇಡ. ಮೈಸೂರಿನಲ್ಲಿ ಪರಿಚಿತರೊಬ್ಬರ ಮಹಡಿಯ ಹಾಲಿನಲ್ಲಿ ಮೂವತ್ತು ನಲವತ್ತು ಜನರನ್ನು ಕೂರಿಸಿಕೊಂಡು ಒಂದು ಸಂಜೆ ನುಡಿಸುವುದು, ಅದನ್ನೇ ರೆಕಾರ್ಡ್ ಮಾಡಿ ಆಲ್ಬಂ ಮಾಡುವುದು ಎಂದು ಗೊತ್ತಾಯಿತು. ಮೈಕಿಗೆ ಗಾಳಿ ಹೊಡೆಯಬಾರದೆಂದು ಫ್ಯಾನ್ ನಿಲ್ಲಿಸಿದೆವು, ಬೀದಿಯ ಆಟೋ ಸದ್ದಿಗೆ ಹೆದರಿ ಕಿಟಕಿ ಮುಚ್ಚಿದೆವು. ಪಾಪ, ಬಂದವರು ಬೆವರು ಒರೆಸಿಕೊಳ್ಳುತ್ತಲೇ ಕೇಳಿದರು. ಕೆಳಗಿನ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು.

ಕೊನೆಯಿಂದ ಎರಡನೆಯ ತುಣುಕಿನಲ್ಲಿ, ಮೇಲಿನಿಂದ ಕೆಳಗಿಳಿಯುವ ವೇಗದ ಓಟವೊಂದರಲ್ಲಿ ನನ್ನ ಬೆರಳು ತಂತಿ ತಪ್ಪಿತು. ತಡವರಿಸಿದೆ. ತಾಳದ ಮೊದಲ ಏಟಿಗೆ ಬಂದು ಸೇರಬೇಕಾದವನು ಬಂದದ್ದು ಒಂದು ಏಟು ತಡವಾಗಿ. ಆದರೂ ಇಬ್ಬರೂ ಸೇರಿದ್ದು ಒಟ್ಟಿಗೇ. ಕೂತವರಲ್ಲಿ ಯಾರೋ ಒಬ್ಬರು ‘ಭಲೇ’ ಎಂದರು. ಆ ಗಳಿಗೆಯಲ್ಲಿ ನನಗನಿಸಿದ್ದು, ಹೇಗೋ ಪಾರಾದೆ ಎಂದು ಮಾತ್ರ.

ಮನೆಗೆ ಬಂದು ಲ್ಯಾಪ್‌ಟಾಪಿನಲ್ಲಿ ಕೇಳಿದಾಗ ಆ ತಪ್ಪು ಬೆಟ್ಟದಷ್ಟು ದೊಡ್ಡದಾಗಿ ಕಂಡಿತು. ಆ ಓಟವನ್ನು ಮನೆಯಲ್ಲೇ ಮತ್ತೆ ನುಡಿಸಿ, ಸರಿಯಾದದ್ದನ್ನು ನನ್ನ ಟ್ರ್ಯಾಕಿಗೆ ಅಂಟಿಸಿದೆ. ಈಗ ನಾನು ಸರಿಯಾದ ಏಟಿಗೆ ಬಂದು ಇಳಿಯುತ್ತಿದ್ದೆ, ಆದರೆ ಅವನ ಕಾರ್ಡ್ ಒಂದು ಏಟು ಹೆಚ್ಚು ನಿಂತಿತ್ತು. ಅವನು ತಾಳ ತಪ್ಪಿದ್ದಾನೆ ಎಂದುಕೊಂಡು ಆ ಒಂದು ಏಟನ್ನು ಕತ್ತರಿಸಿದೆ. ಕತ್ತರಿಸಿದಾಗ ‘ಭಲೇ’ ಅರ್ಧವಾಯಿತು, ಅದನ್ನೂ ತೆಗೆದೆ. ಆಮೇಲೆ ಹೆಡ್‌ಫೋನಿನಲ್ಲಿ ಕೇಳಿದರೆ ಹೊಸ ಓಟದ ಕೆಳಗೆ ಸಣ್ಣಗೆ ಇನ್ನೊಬ್ಬ ಯಾರೋ ತಡವರಿಸುತ್ತಿದ್ದ! ನನ್ನದೇ ಹಳೆಯ ತಪ್ಪು ಅದು. ಇಬ್ಬರೂ ಒತ್ತಿಕೊಂಡು ಕೂತಿದ್ದರಿಂದ ನನ್ನ ಗಿಟಾರಿನ ಸದ್ದು ಅವನ ಮೈಕಿಗೂ ಹೋಗಿತ್ತು. ರೆಕಾರ್ಡಿಂಗ್‌ನವರು ಇದನ್ನು ಲೀಕೇಜ್ ಎನ್ನುತ್ತಾರೆ. ಒಂದೇ ಕೋಣೆಯಲ್ಲಿ ಎದುರುಬದುರು ಕೂತು ನುಡಿಸಿದ ಮೇಲೆ ನನ್ನದು ಇಷ್ಟು, ನಿನ್ನದು ಇಷ್ಟು ಎಂದು ಪಾಲು ಮಾಡಲಾಗದು. ಹೆಣೆದ ಚಾಪೆಯಿಂದ ಒಂದು ಕಡ್ಡಿ ಎಳೆದರೆ ಆಚೀಚಿನವೆಲ್ಲ ಸಡಿಲವಾಗುವ ಹಾಗೆ.

ನಾನು ಅಷ್ಟಕ್ಕೇ ನಿಲ್ಲಲಿಲ್ಲ. ಅವನ ಆ ಕಾರ್ಡನ್ನೇ ಅಳಿಸಿ, ಬೇರೆ ಕಡೆಯಿಂದ ಅದೇ ಕಾರ್ಡ್ ತಂದು ಕೂರಿಸಿದೆ. ಕುಕ್ಕರ್ ಕೂಗಿದ್ದನ್ನು, ಕೆಮ್ಮನ್ನು, ಕುರ್ಚಿ ಎಳೆದದ್ದನ್ನು ತೆಗೆದೆ. ಹಾಲಿನಲ್ಲಿ ಜನವೇ ಇಲ್ಲ ಎನಿಸತೊಡಗಿದ ಮೇಲೆ ಒಳ್ಳೆಯದೊಂದು ಚಪ್ಪಾಳೆ ಆರಿಸಿ ಎಲ್ಲ ತುಣುಕುಗಳ ಕೊನೆಗೂ ಅದನ್ನೇ ಅಂಟಿಸಿದೆ. ಗಮನವಿಟ್ಟು ಕೇಳಿದರೆ ಪ್ರತಿ ಸಲವೂ ಅದೇ ಮನುಷ್ಯ ಎಲ್ಲರಿಗಿಂತ ಕೊನೆಗೆ ಒಂದು ಚಪ್ಪಾಳೆ ಹೊಡೆದು ನಿಲ್ಲಿಸುತ್ತಾನೆ. ಇಷ್ಟೆಲ್ಲ ನಡೆಯುತ್ತಿದ್ದಾಗ ಗೆಳೆಯನಿಗೆ ಒಂದು ಮಾತೂ ಹೇಳಲಿಲ್ಲ. ನಮ್ಮಿಬ್ಬರಿಗೂ ಬೇಕಾದ ಒಬ್ಬರ ಹತ್ತಿರ ಮಾತ್ರ, ‘ಅವನ ರಿದಂ ಸ್ವಲ್ಪ ವೀಕು, ತುಂಬ ರಿಪೇರಿ ಮಾಡಬೇಕಾಯ್ತು’ ಎಂದು ಹೇಳಿಕೊಂಡಿದ್ದೆ. ಇದನ್ನು ಬರೆಯುವುದು ಈಗಲೂ ಕಷ್ಟ.

ಎಲ್ಲ ಮುಗಿದ ಮೇಲೆ ಅವನನ್ನು ಕರೆದು ಕೇಳಿಸಿದೆ. ಆ ಜಾಗ ಬಂದಾಗ ಅವನೇ ನಿಲ್ಲಿಸಿದ. ಹಿಂದಕ್ಕೆ ಹೋಗಿ ಮತ್ತೆ ಕೇಳಿದ.

‘ಇಲ್ಲಿ ಏನು ಮಾಡಿದೆ?’

‘ನೀನು ಒಂದು ಏಟು ಜಾಸ್ತಿ ಹಿಡಿದಿದ್ದೆ. ಸರಿ ಮಾಡಿದೆ.’

‘ಜಾಸ್ತಿ ಹಿಡಿದದ್ದಲ್ಲ ಕಣೋ, ನಿನಗೆ ಕಾದದ್ದು. ನೀನು ಬರಲಿಲ್ಲವಲ್ಲ!’

ನಗುತ್ತಲೇ ಹೇಳಿದ. ಆಮೇಲೆ ಮೂಲದ ರೆಕಾರ್ಡಿಂಗ್ ಹಾಕು, ಒಂದು ಸಲ ಕೇಳೋಣ ಎಂದ. ಅದಿರಲಿಲ್ಲ. ಲ್ಯಾಪ್‌ಟಾಪಿನಲ್ಲಿ ಜಾಗ ಸಾಲದೆಂದು ಹಳೆಯ ಫೈಲುಗಳನ್ನು ನಾನೇ ಅಳಿಸಿದ್ದೆ. ಅದನ್ನು ಹೇಳಿದಾಗ ಅವನ ನಗು ಹೋಯಿತು. ಕಾಫಿ ಕುಡಿದು ಎದ್ದ. ಬಾಗಿಲಲ್ಲಿ ನಿಂತು, ಇದಕ್ಕೆ ನನ್ನ ಹೆಸರು ಹಾಕಬೇಡ ಎಂದ. ರಿದಂ ವೀಕು ಎಂದ ನನ್ನ ಮಾತು ಅವನ ಕಿವಿಗೆ ಆಗಲೇ ಬಿದ್ದಿತ್ತೆಂದು ಆಮೇಲೆ ತಿಳಿಯಿತು.

ಆಲ್ಬಂ ಹೊರಗೆ ಬರಲಿಲ್ಲ. ಆಮೇಲಷ್ಟೇ ನಾನು ಹಳೆಯ ಆಲ್ಬಂಗಳಿಗೆ ಮತ್ತೆ ಕಿವಿಗೊಟ್ಟದ್ದು. ಆಲ್ ಬೆಂಕಿಯಂತೆ ಓಡುವಾಗ ಎಡಗಡೆಯಲ್ಲಿ ಪಾಕೊ ಸುಮ್ಮನೆ ಕಾರ್ಡ್ ಬಾರಿಸುತ್ತಿಲ್ಲ. ಆಲ್ ಉಸಿರು ತೆಗೆದುಕೊಂಡಾಗ ಒಂದಿಷ್ಟು ಮುಂದೆ ಬರುತ್ತಾನೆ, ಅವನು ಏರಿದಾಗ ತಗ್ಗುತ್ತಾನೆ. ಸರದಿ ಬದಲಾದಾಗ ಇದನ್ನೇ ಆಲ್ ಮಾಡುತ್ತಾನೆ. ಮೂರನೆಯವರಾದ ಜಾನ್ ಮೆಕ್‌ಲಾಫ್ಲಿನ್ ಅದಕ್ಕೆ ಮೊದಲೇ ‘ಶಕ್ತಿ’ ತಂಡದಲ್ಲಿ ಎಲ್. ಶಂಕರ್, ಜಾಕಿರ್ ಹುಸೇನ್, ಘಟದ ವಿಕ್ಕು ವಿನಾಯಕರಾಂ ಜೊತೆ ಕೂತವರು; ಪಕ್ಕವಾದ್ಯ ಎಂದರೇನೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹಾಡುಗಾರ ಜಾರಿದಾಗ ಮೃದಂಗದವರು ಸದ್ದಿಲ್ಲದೆ ಎತ್ತಿಕೊಂಡು ಹೋಗುವುದನ್ನು ಚಿಕ್ಕಂದಿನಿಂದ ಕಛೇರಿಗಳಲ್ಲಿ ಕಂಡಿದ್ದ ನನಗೆ ಮಾತ್ರ ಹೇಳಿಕೊಡಬೇಕಾಗಿ ಬಂತು.

ತಿದ್ದುವುದೇ ಪಾಪ ಎಂದು ನಾನು ಹೇಳುತ್ತಿಲ್ಲ. ಆ ‘ಫ್ರೈಡೇ ನೈಟ್’ನ ಕೊನೆಯ ಟ್ರ್ಯಾಕ್ ಸ್ಟುಡಿಯೋದಲ್ಲಿ ರೆಕಾರ್ಡ್ ಆದದ್ದು, ಗೊತ್ತಾಗುವವರೆಗೂ ನಾನದನ್ನು ಲೈವ್ ಎಂದೇ ಕೇಳಿದ್ದೆ, ಗೊತ್ತಾದ ಮೇಲೂ ಅದರ ರುಚಿ ಕೆಡಲಿಲ್ಲ. ಮೂವರೂ ಸೇರಿಯೇ ನುಡಿಸಿದ್ದಾರಲ್ಲ. ಇನ್ನೊಂದು ಕಡೆ, ಹಾಟ್ ಟ್ಯೂನಾ ತಂಡ 1970ರಲ್ಲಿ ತಂದ ಮೊದಲ ಲೈವ್ ಆಲ್ಬಂ ಇದೆ: ಯೋರ್ಮಾ ಕೌಕೊನೆನ್‌ನ ಅಕೂಸ್ಟಿಕ್ ಗಿಟಾರು, ಜ್ಯಾಕ್ ಕ್ಯಾಸಡಿಯ ಬೇಸು, ಜೊತೆಗೊಂದು ಹಾರ್ಮೋನಿಕಾ. ಅದರಲ್ಲಿ ನುಡಿಸುವ ಮಧ್ಯೆ ಗ್ಲಾಸು ಒಡೆಯುವ ಸದ್ದು ಕೇಳುತ್ತದೆ. ಅದನ್ನು ಹಾಗೆಯೇ ಬಿಟ್ಟರು. ಅಭಿಮಾನಿಗಳು ಇಂದಿಗೂ ಅದನ್ನು ಗ್ಲಾಸು ಒಡೆದ ಆಲ್ಬಂ ಎಂದೇ ಕರೆಯುತ್ತಾರೆ. ನಾನು ಕುಕ್ಕರ್ ಕೂಗನ್ನು ಅಳಿಸಿದ್ದು ನೆನಪಾಗಿ ಸಿಟ್ಟು ಬರುತ್ತದೆ. ಆದರೆ ಅದು ಸಣ್ಣ ನಷ್ಟ. ದೊಡ್ಡ ನಷ್ಟ ಆ ಒಂದು ಏಟು. ನನ್ನ ತಪ್ಪು, ಅವನು ಕಾದದ್ದು, ಯಾರೋ ‘ಭಲೇ’ ಎಂದದ್ದು, ಮೂರೂ ಒಂದರ ಬೆನ್ನಿಗೊಂದು ಬಂದ ಜಾಗ ಅದು. ಇಡೀ ಸಂಜೆಯಲ್ಲಿ ನಾವು ನಿಜಕ್ಕೂ ಜೋಡಿಯಾಗಿ ನುಡಿಸಿದ್ದು ಅಲ್ಲಿ ಮಾತ್ರ ಎಂದು ಈಗ ಅನಿಸುತ್ತದೆ.

ಅವನು ಈಗ ಬೇರೆಯವರ ಜೊತೆ ನುಡಿಸುತ್ತಾನೆ, ಚೆನ್ನಾಗಿಯೇ ನುಡಿಸುತ್ತಾನೆ. ಕ್ಷಮೆ ಕೇಳಿದ್ದೇನೆ, ಬಿಡೋ ಎಂದಿದ್ದಾನೆ. ಸಿಕ್ಕಾಗ ಕಾಫಿ ಕುಡಿಯುತ್ತೇವೆ, ಗಿಟಾರ್ ಮಾತ್ರ ಹೊರತೆಗೆಯುವುದಿಲ್ಲ.

ಇಂಥ ಆಲ್ಬಂ ಕೇಳುವವರು ಒಂದು ಕೆಲಸ ಮಾಡಿ ನೋಡಿ. ಒಬ್ಬನ ಸೋಲೊ ಶುರುವಾದೊಡನೆ ಆ ಬದಿಯ ಇಯರ್‌ಫೋನ್ ತೆಗೆದು, ಉಳಿದ ಕಿವಿಯಲ್ಲಿ ಇನ್ನೊಬ್ಬ ಏನು ಮಾಡುತ್ತಿದ್ದಾನೆಂದು ಕೇಳಿ. ಮನೆಯಲ್ಲೇ ರೆಕಾರ್ಡ್ ಮಾಡುವವರಾದರೆ, ಕತ್ತರಿ ಆಡಿಸುವ ಮುಂಚೆ ಮೂಲ ಫೈಲುಗಳ ಒಂದು ಪ್ರತಿಯನ್ನು ಜೊತೆಗಾರನ ಕೈಗೆ ಕೊಟ್ಟುಬಿಡಿ.