ತವರಿಲ್ಲದ ಬಾಣಂತಿಯರು

ನಮ್ಮ ಕಡೆ ಚೊಚ್ಚಲ ಬಸುರಿ ಹೆರಿಗೆಗೆಂದು ತವರಿಗೆ ಬರುವುದು ವಾಡಿಕೆ. ಎಣ್ಣೆನೀರು, ಸಾಂಬ್ರಾಣಿಯ ಹೊಗೆ, ಮೆಣಸಿನ ಸಾರು—ಇಷ್ಟೂ ಉಪಚಾರ ಬಾಣಂತಿಗೆ ಸಲ್ಲತಕ್ಕದ್ದೆಂದು ಎಲ್ಲರೂ ಒಪ್ಪುತ್ತಾರೆ. ಆದರೆ ಅದೇ ಬಸಿರು, ಅದೇ ಬೇನೆ. ಕೊರಳಲ್ಲಿ ತಾಳಿ ಮಾತ್ರ ಇಲ್ಲದಿದ್ದರೆ? ಆಗ ಮೊದಲು ಮುಚ್ಚುವ ಬಾಗಿಲು ತವರಿನದೇ. ಹಾಗೆ ಬೀದಿಗೆ ಬಿದ್ದವಳು ಎಲ್ಲಿ ಹೋಗಿ ಹೆರಬೇಕು? ಯುದ್ಧಗಳ ಇಸವಿಗಳನ್ನು ಬಾಯಿಪಾಠ ಮಾಡಿ ಬಂದ ನಾನು ಈ ಪ್ರಶ್ನೆಯ ಬೆನ್ನು ಹತ್ತಿದಾಗ ಎರಡು ಮನೆಗಳ ಕಥೆ ನನ್ನನ್ನು ಬಹಳವಾಗಿ ಕಾಡಿತು.

ಮೊದಲನೆಯದು ಪುಣೆಯ ಮನೆ. ವಿಧವಾವಿವಾಹಕ್ಕೆ ೧೮೫೬ರಲ್ಲಿಯೇ ಕಾನೂನಿನ ಮನ್ನಣೆ ದೊರೆತಿತ್ತು. ರೂಢಿಯ ಮನ್ನಣೆ ದೊರೆತಿರಲಿಲ್ಲ. ಬಾಲ್ಯದಲ್ಲಿಯೇ ಗಂಡನನ್ನು ಕಳೆದುಕೊಂಡ ಹೆಣ್ಣು ಬಸುರಾದರೆ ಆಕೆಯ ಪಾಡು ಮದುವೆಯಾಗದ ತಾಯಿಯ ಪಾಡೇ ಆಗಿತ್ತು. ಕಾಶೀಬಾಯಿ ಎಂಬ ಬ್ರಾಹ್ಮಣ ವಿಧವೆ ಅಪವಾದಕ್ಕೆ ಅಂಜಿ ಹೆತ್ತ ಕೂಸನ್ನು ಕೊಂದಳು. ಆಕೆಗೆ ಅಂಡಮಾನಿನ ಶಿಕ್ಷೆಯಾಯಿತು. ಆಕೆಯನ್ನು ಆ ಸ್ಥಿತಿಗೆ ತಂದ ಗಂಡಸಿಗೆ ಏನೂ ಆಗಲಿಲ್ಲ. ಇದನ್ನು ಕಂಡು ಮರುಗಿದ ಜ್ಯೋತಿಬಾ ಫುಲೆ ಮತ್ತು ಸಾವಿತ್ರಿಬಾಯಿಯವರು ೧೮೬೩ರಲ್ಲಿ ತಮ್ಮ ಮನೆಯಲ್ಲಿಯೇ ಬಾಲಹತ್ಯಾ ಪ್ರತಿಬಂಧಕ ಗೃಹವನ್ನು ತೆರೆದರು. ಗುಟ್ಟಾಗಿ ಬನ್ನಿ, ಸುಖವಾಗಿ ಹೆತ್ತು ಹೋಗಿ. ಮಗುವನ್ನು ಒಯ್ಯುವುದೂ ಇಲ್ಲಿ ಬಿಡುವುದೂ ನಿಮ್ಮ ಇಷ್ಟ ಎಂದು ಊರಲ್ಲಿ ಪ್ರಕಟನೆ ಹಚ್ಚಿಸಿದರು. ೧೮೮೪ರ ಹೊತ್ತಿಗೆ ಮೂವತ್ತೈದು ಮಂದಿ ವಿಧವೆಯರು ಆ ಹೊಸ್ತಿಲು ದಾಟಿದ್ದರು.

ಮಕ್ಕಳಿಲ್ಲದ ಆ ದಂಪತಿಗಳು ಇಂಥದೇ ಒಬ್ಬ ವಿಧವೆಯ ಮಗನನ್ನು ದತ್ತು ತೆಗೆದುಕೊಂಡು ಯಶವಂತನೆಂದು ಹೆಸರಿಟ್ಟರು. ಊರು ಬೇಡವೆಂದ ಕೂಸು ಬೆಳೆದು ವೈದ್ಯನಾಯಿತು. ೧೮೯೭ರಲ್ಲಿ ಪುಣೆಗೆ ಪ್ಲೇಗು ಬಂದಾಗ ಅದೇ ಊರಿನ ರೋಗಿಗಳಿಗೆ ಆತ ಚಿಕಿತ್ಸೆ ಮಾಡಿದ. ಜೊತೆಗೆ ನಿಂತು ಸೇವೆ ಮಾಡಿದ ಸಾವಿತ್ರಿಬಾಯಿ ಆ ಪ್ಲೇಗಿಗೇ ಬಲಿಯಾದರು.

ಎರಡನೆಯ ಮನೆ ದೂರದ ಐರ್ಲೆಂಡಿನ ಟ್ಯೂಮ್ ಊರಿನದು. ಮದುವೆಯಾಗದ ತಾಯಂದಿರಿಗಾಗಿ ಕ್ರೈಸ್ತ ಸನ್ಯಾಸಿನಿಯರು ೧೯೨೫ರಿಂದ ೧೯೬೧ರವರೆಗೆ ಅದನ್ನು ನಡೆಸಿದರು. ಅಲ್ಲಿಯೂ ಹೆರಿಗೆಯ ಮಾತು ಗುಟ್ಟೇ. ಆದರೆ ತಾಯಿ ಸುಮಾರು ಒಂದು ವರುಷ ಅಲ್ಲಿ ಕೂಲಿಯಿಲ್ಲದೆ ದುಡಿದು, ಕೂಸನ್ನು ಬಿಟ್ಟು ಹೊರಡಬೇಕಾಗಿತ್ತು. ಅಲ್ಲಿ ತೀರಿಕೊಂಡ ೭೯೬ ಮಕ್ಕಳ ಮರಣದ ದಾಖಲೆಗಳನ್ನು ಕ್ಯಾಥರೀನ್ ಕಾರ್ಲೆಸ್ ಎಂಬ ಸ್ಥಳೀಯ ಇತಿಹಾಸಾಸಕ್ತೆ ಒಂದೊಂದಾಗಿ ಕಲೆಹಾಕಿದರು. ಹೂತ ಗುರುತು ಸಿಗಲಿಲ್ಲ. ನೆಲದಡಿಯ ಕೋಣೆಗಳಲ್ಲಿ ಶಿಶುಗಳ ಎಲುಬುಗಳಿವೆಯೆಂದು ೨೦೧೭ರಲ್ಲಿ ಖಚಿತವಾಯಿತು. ಇಂಥ ಹದಿನೆಂಟು ಸಂಸ್ಥೆಗಳಲ್ಲಿ ಸುಮಾರು ೯,೦೦೦ ಮಕ್ಕಳು ಸತ್ತರೆಂದು ತನಿಖಾ ಆಯೋಗ ೨೦೨೧ರಲ್ಲಿ ವರದಿ ಮಾಡಿತು. ಪ್ರಧಾನಿ ಕ್ಷಮೆ ಬೇಡಿದರು. ದತ್ತು ಹೋಗಿ ಬದುಕುಳಿದವರಿಗೆ ತಮ್ಮ ಜನನದ ದಾಖಲೆಗಳ ಮೇಲೆ ಪೂರ್ಣ ಹಕ್ಕು ಸಿಕ್ಕಿದ್ದು ೨೦೨೨ರ ಕಾನೂನಿನಿಂದ.

ಎರಡು ಮನೆಗಳಲ್ಲಿಯೂ ಗುಟ್ಟಿತ್ತು. ಒಂದರಲ್ಲಿ ಅದು ತಾಯಿಗೆ ಹೊದಿಸಿದ ಕಂಬಳಿ. ಇನ್ನೊಂದರಲ್ಲಿ ಊರಿನ ಮಾನಕ್ಕೆ ಹಾಕಿದ ಪರದೆ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಬಗೆಯ ಬಟ್ಟೆಯಾಗಿ ಕಂಡೀತು. ವ್ಯತ್ಯಾಸ ತಿಳಿಯಬೇಕಾದರೆ ಮಗುವಿನ ಮಾತನ್ನು ನಿರ್ಧರಿಸುವವರು ಯಾರೆಂದು ಕೇಳಬೇಕು. ಪುಣೆಯಲ್ಲಿ ಆ ಮಾತು ತಾಯಿಯದಾಗಿತ್ತು. ದಯೆ ತೋರಿಸುವುದು ಅಷ್ಟು ಕಷ್ಟವಲ್ಲ. ದಯೆಗೆ ಪಾತ್ರಳಾದವಳ ಮಾತನ್ನು ಮನ್ನಿಸುವುದು ಕಷ್ಟ.

ನಮ್ಮ ಸುಪ್ರೀಂ ಕೋರ್ಟು ೨೦೧೫ರಲ್ಲಿ, ಅವಿವಾಹಿತ ತಾಯಿ ತನ್ನ ಮಗುವಿನ ಪಾಲಕಿಯಾಗಲು ತಂದೆಯ ಹೆಸರನ್ನು ಹೇಳಬೇಕಾಗಿಲ್ಲವೆಂದು ತೀರ್ಪಿತ್ತಿತು. ತೀರ್ಪನ್ನು ಓದಿ ನನಗೆ ಸಂತೋಷವಾಯಿತು. ಆದರೆ ಕೋರ್ಟು ಬಿಟ್ಟುಕೊಟ್ಟ ಪ್ರಶ್ನೆಯನ್ನು ನಮ್ಮ ಓಣಿಗಳು ಇನ್ನೂ ಬಿಟ್ಟುಕೊಟ್ಟಿಲ್ಲ. ಅಲ್ಲಿ ತೀರ್ಪು ಕೊಡಬೇಕಾದವರು ನ್ಯಾಯಾಧೀಶರಲ್ಲ, ನಾವು.