ಲಕ್ಷ ರೂಪಾಯಿಯ ಆರ್‌ಎಕ್ಸ್ ಹಂಡ್ರೆಡ್

ಯಮಹಾ ಆರ್‌ಎಕ್ಸ್ 100 ಎಂಬುದು ಎಸ್ಕಾರ್ಟ್ಸ್ ಕಂಪನಿ ಜಪಾನಿನ ಯಮಹಾದ ಜೊತೆಗೂಡಿ 1985ರಿಂದ 1996ರವರೆಗೆ ಭಾರತದಲ್ಲಿ ತಯಾರಿಸಿದ 98 ಸಿಸಿಯ ಟೂ ಸ್ಟ್ರೋಕ್ ಮೋಟರ್‌ಸೈಕಲ್. ಬೇರೆಡೆ ಸ್ಪೋರ್ಟ್ಸ್ ಕಾರಿಗೆ ಸಲ್ಲುವ ಮೋಹ ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಕಡೆ ಈ ಗಾಡಿಗೆ ಸಂದಿದೆ. ಕಾಗದ ಸರಿಯಿದ್ದು, ಅಂದವಾಗಿ ಸಿದ್ಧಪಡಿಸಿದ ಆರ್‌ಎಕ್ಸ್‌ಗೆ ಮಾಲೀಕರು ಈಗ ಲಕ್ಷ ರೂಪಾಯಿ, ಕೆಲವೊಮ್ಮೆ ಅದಕ್ಕೂ ಮೇಲೆ ಕೇಳುತ್ತಾರೆ. ಆ ಹಣಕ್ಕೆ ಹೊಸ 125 ಸಿಸಿ ಬೈಕು ಗ್ಯಾರಂಟಿ ಸಮೇತ ಮನೆಗೆ ಬರುತ್ತದೆ. ಇಷ್ಟು ಏರಿದ ಬೆಲೆಗೆ ಮೂವತ್ತು ವರ್ಷ ದಾಟಿದ ಗಾಡಿಯನ್ನು ಕೊಳ್ಳಬೇಕೆ ಎಂಬುದಕ್ಕೆ ಉತ್ತರ ಗಾಡಿಯೊಳಗೇ ಇದೆ. ಅದನ್ನು ಓದಲು ಬರಬೇಕು.

ಮೋಹಕ್ಕೆ ಕಾರಣ ಇಂಜಿನ್ನಿನ ರಚನೆ. ಫೋರ್ ಸ್ಟ್ರೋಕ್ ಇಂಜಿನ್ನಿನಲ್ಲಿ ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ಒಮ್ಮೆ ಪೆಟ್ರೋಲ್ ಉರಿಯುತ್ತದೆ. ಟೂ ಸ್ಟ್ರೋಕ್‌ನಲ್ಲಿ ಪ್ರತಿ ಸುತ್ತಿಗೂ ಒಮ್ಮೆ. 1985ರಲ್ಲೇ ಬಂದ ಹೀರೋ ಹೋಂಡಾ ಸಿಡಿ 100 ಕೂಡ ಹೆಚ್ಚುಕಡಿಮೆ ಇಷ್ಟೇ ಸಿಸಿಯ ಗಾಡಿ. ಅದರ ಶಕ್ತಿ ಏಳು ಚಿಲ್ಲರೆ ಅಶ್ವಶಕ್ತಿ. ಆರ್‌ಎಕ್ಸ್‌ನದು ಹನ್ನೊಂದು. ಗಾಡಿಯ ತೂಕ ನೂರು ಕಿಲೋ ಆಸುಪಾಸು. ಪಿಸ್ಟನ್ನಿನ ವ್ಯಾಸ 50 ಮಿಲಿಮೀಟರ್, ಅದು ಓಡುವ ಉದ್ದವೂ 50 ಮಿಲಿಮೀಟರ್. ಈ ಸಮ ಅಳತೆಯ ಪುಟ್ಟ ಸಿಲಿಂಡರ್, ಕಾರ್ಬುರೇಟರಿಗೂ ಇಂಜಿನ್ನಿಗೂ ನಡುವೆ ತೆಳ್ಳಗೆ ಮಿಡಿಯುವ ರೀಡ್ ವಾಲ್ವ್, ಉದ್ದನೆಯ ಸೈಲೆನ್ಸರ್ ಮೂರೂ ಸೇರಿ, ಎಕ್ಸಲೇಟರ್ ತಿರುವಿದ ಕ್ಷಣಕ್ಕೆ ಗಾಡಿ ಮುಂದಕ್ಕೆ ಹಾರುತ್ತದೆ. ಅದರ ಸದ್ದನ್ನು ಕೇಳಿ ಓಣಿಯ ತಿರುವಿನಲ್ಲಿ ಬರುತ್ತಿರುವುದು ಯಾರ ಗಾಡಿ ಎಂದು ಹೇಳುತ್ತಿದ್ದವರ ಮಕ್ಕಳು ಈಗ ಅದೇ ಸದ್ದನ್ನು ಹುಡುಕುತ್ತಿದ್ದಾರೆ.

ಬೆಲೆ ಏರಿದ್ದು ಹುಡುಕುವವರು ಹೆಚ್ಚಿದ್ದರಿಂದಷ್ಟೇ ಅಲ್ಲ. ಹಳೆಯ ಕಾರಿನ ಬೆಲೆ ಏರಿದರೆ, ಹೊಸ ಕಾರು ಸಾಕಷ್ಟು ಬಂದಾಗ ಇಳಿಯುವ ಸಂಭವವಿದೆ. ಆರ್‌ಎಕ್ಸ್‌ಗೆ ಆ ದಾರಿ ಮುಚ್ಚಿದೆ. ಹೊಗೆಯ ನಿಯಮ ಬಿಗಿಯಾದಾಗ 1996ರಲ್ಲಿ ಅದರ ತಯಾರಿಕೆ ನಿಂತಿತು. 2020ರ ಏಪ್ರಿಲ್‌ನಿಂದ ಬಿಎಸ್ 6 ಎಂಬ ಇನ್ನೂ ಬಿಗಿಯಾದ ಹೊಗೆಯ ನಿಯಮ ಬಂದ ಮೇಲೆ ಅಂಥ ಇಂಜಿನ್ ಮರಳಿ ಬರುವ ಮಾತೇ ಇಲ್ಲ. ಆದರೂ ಬೆಲೆ ಏರುತ್ತಲೇ ಇರುತ್ತದೆಂಬ ನಂಬಿಕೆಯಿಂದ ಕೊಳ್ಳುವುದು ಸರಿಯಲ್ಲ. ಪಿಸ್ಟನ್, ಟ್ಯಾಂಕು, ಮಡ್‌ಗಾರ್ಡ್, ಸೈಲೆನ್ಸರ್‌ಗಳನ್ನು ಹೊಸದಾಗಿ ಮಾಡಿ ಮಾರುವವರಿದ್ದಾರೆ. ಕೊಟ್ಟಿಗೆಯಲ್ಲಿ ತುಕ್ಕು ಹಿಡಿದಿದ್ದ ಗಾಡಿಗಳು ಎದ್ದು ಬರುತ್ತಿವೆ. ಹಾಗೆ ಎದ್ದ ಗಾಡಿಯೂ ಹುಟ್ಟಿದಂತೆಯೇ ಉಳಿದ ಗಾಡಿಯೂ ಒಂದೇ ಬೆಲೆ ಹೇಳುತ್ತ ಪಕ್ಕಪಕ್ಕದಲ್ಲಿ ನಿಂತಿರುತ್ತವೆ.

ಬಯಾನಾ ಕೊಡುವ ಮುನ್ನ ಕಾಗದ ನೋಡಬೇಕು. ಖಾಸಗಿ ವಾಹನದ ನೋಂದಣಿ ಹದಿನೈದು ವರ್ಷದ್ದು, ಆಮೇಲೆ ಐದೈದು ವರ್ಷಕ್ಕೆ ನವೀಕರಣ. 1995ರ ಗಾಡಿಯಾದರೆ 2010, 2015, 2020, 2025ರಲ್ಲಿ ನವೀಕರಣ ಆಗಿರಬೇಕು. ಹದಿನೈದು ವರ್ಷ ದಾಟಿದ ಬೈಕಿನ ನವೀಕರಣ ಶುಲ್ಕ 2022ರಲ್ಲಿ 300ರಿಂದ 1000 ರೂಪಾಯಿಗೆ ಏರಿತು. ಇಪ್ಪತ್ತು ವರ್ಷ ದಾಟಿದವುಗಳಿಗೆ 2025ರಲ್ಲಿ 2000 ಆಯಿತು. ಶುಲ್ಕ ದೊಡ್ಡದಲ್ಲ. ತೊಡಕಿರುವುದು ಕೈಬರಹದ ಹಳೆಯ ಆರ್‌ಸಿ ಪುಸ್ತಕದಲ್ಲಿ. ಅದರ ವಿವರ ಕಂಪ್ಯೂಟರಿಗೆ ಏರದಿದ್ದರೆ ಮೊದಲು ಆ ಕೆಲಸ ಮಾಡಿಸಬೇಕು. ಪುಸ್ತಕದಲ್ಲಿರುವ ಮಾಲೀಕರು ತೀರಿಹೋಗಿದ್ದರೆ ವಾರಸುದಾರರು ಫಾರ್ಮ್ 31 ಸಲ್ಲಿಸಬೇಕು. ಬದುಕಿದ್ದರೆ ಫಾರ್ಮ್ 29 ಮತ್ತು 30ಕ್ಕೆ ಅವರ ಸಹಿ ಬೇಕು. ಮೂರು ಕೈ ದಾಟಿಯೂ ಮೊದಲ ಮಾಲೀಕರ ಹೆಸರಲ್ಲೇ ಇರುವ ಗಾಡಿ, ಎಷ್ಟೇ ಚೆನ್ನಾಗಿದ್ದರೂ, ಆ ಸಹಿ ಸಿಗುವವರೆಗೆ ಬಿಡಿಭಾಗಗಳ ರಾಶಿ ಅಷ್ಟೇ. ಚಿಂಚೋಳಿ, ಸೇಡಂಗಳು ತೆಲಂಗಾಣದ ಅಂಚಿನ ತಾಲ್ಲೂಕುಗಳಾದ್ದರಿಂದ ತಾಂಡೂರು, ಜಹೀರಾಬಾದ್ ಕಡೆಯ ಗಾಡಿಗಳೂ ಸೌದಾಕ್ಕೆ ಬರುತ್ತವೆ. ಅವುಗಳಿಗೆ ಅಲ್ಲಿನ ಸಾರಿಗೆ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು. ಇಲ್ಲಿ ತೆರಿಗೆ ಕಟ್ಟಿ ಕಲಬುರಗಿಯ ಕೆಎ 32 ನಂಬರ್ ಪಡೆಯಬೇಕು. ವಿಂಟೇಜ್ ಎಂಬ ಹೆಸರಿನಲ್ಲಿ ಮಾರುವ ಮಾತಿಗೂ ಆಧಾರವಿಲ್ಲ. 2021ರ ನಿಯಮದಂತೆ ವಿಂಟೇಜ್ ಆಗಲು ಐವತ್ತು ವರ್ಷ ಮೀರಬೇಕು. ಮೊಟ್ಟಮೊದಲ ಆರ್‌ಎಕ್ಸ್‌ಗೂ ಆ ವಯಸ್ಸು ತುಂಬುವುದು 2035ಕ್ಕೆ.

ಕಾಗದದ ನಂತರ ಕಬ್ಬಿಣ. ಹ್ಯಾಂಡಲ್ ಕೆಳಗಿನ ಚಾಸಿ ನಂಬರನ್ನು, ಇಂಜಿನ್ ಮೇಲಿನ ನಂಬರನ್ನು ಬಟ್ಟೆಯಿಂದ ಒರೆಸಿ, ಮೇಲೊಂದು ಹಾಳೆ ಇಟ್ಟು ಪೆನ್ಸಿಲ್ ಉಜ್ಜಿದರೆ ಅಚ್ಚು ಮೂಡುತ್ತದೆ. ಅಂಕಿಗಳು ಒಂದೇ ಸಾಲಿನಲ್ಲಿ, ಒಂದೇ ಆಳದಲ್ಲಿ ಇರಬೇಕು. ಅರದ ಗೆರೆ ಕಂಡರೆ, ಸುತ್ತಲಿನ ಬಣ್ಣ ಮಾತ್ರ ಹೊಸದಾಗಿದ್ದರೆ, ಸೌದಾ ಅಲ್ಲಿಗೇ ಬಿಡುವುದು ಒಳ್ಳೆಯದು. ಬಣ್ಣಕ್ಕೆ ಮರುಳಾಗುವವರೇ ಹೆಚ್ಚು. ಹೊಸ ಪೇಂಟು, ಕನ್ನಡಿಯಂಥ ಕ್ರೋಮು ಬೆಲೆಯನ್ನು ಬೇಗ ಏರಿಸುತ್ತವೆ, ಗಾಡಿಯ ಆಯುಷ್ಯಕ್ಕೆ ಒಂದು ದಿನವನ್ನೂ ಸೇರಿಸುವುದಿಲ್ಲ. ಮಾಸಿದ ಮೂಲ ಬಣ್ಣ, ಸವೆದ ಕಿಕ್ ರಬ್ಬರು, ಸುಲಿದ ಸ್ಟಿಕರು ಇರುವ ಗಾಡಿ ತನ್ನ ವಯಸ್ಸನ್ನು ಮುಚ್ಚಿಡುವುದಿಲ್ಲ. ಹೆಚ್ಚು ನಂಬಬಹುದಾದದ್ದು ಅದನ್ನೇ.

ಇಂಜಿನ್ ತಣ್ಣಗಿರುವಾಗಲೇ ಕಿಕ್ ಹೊಡೆಯಬೇಕು. ಮೊದಲೇ ಬಿಸಿ ಮಾಡಿಟ್ಟ ಇಂಜಿನ್ ಅನೇಕ ರೋಗಗಳನ್ನು ಬಚ್ಚಿಡುತ್ತದೆ. ಶುರುವಿಗೆ ನೀಲಿ ಬೆರೆತ ಬಿಳಿ ಹೊಗೆ ಬರುವುದು ಸಹಜ. ಪೆಟ್ರೋಲಿನ ಜೊತೆ ಆಯಿಲೂ ಉರಿಯುವುದು ಈ ಇಂಜಿನ್ನಿನ ಸ್ವಭಾವ. ಬಿಸಿಯಾದ ಮೇಲೂ ದಟ್ಟ ಹೊಗೆ ನಿಲ್ಲದಿದ್ದರೆ, ಕ್ಲಚ್ ಬದಿಯ ಕ್ರ್ಯಾಂಕ್ ಸೀಲ್ ಹೋಗಿ ಗೇರ್ ಆಯಿಲ್ ಒಳಗೆ ಎಳೆದುಕೊಳ್ಳುತ್ತಿರಬಹುದು. ಮ್ಯಾಗ್ನೆಟ್ ಬದಿಯ ಸೀಲ್ ಸೋತರೆ ಹೊಗೆ ಬರುವುದಿಲ್ಲ. ಗಾಳಿ ಹೊಕ್ಕು ಇಂಜಿನ್ ತಾನಾಗಿ ರೇಸ್ ಆಗುತ್ತದೆ, ಕೊನೆಗೆ ಪಿಸ್ಟನ್ ಜಾಮ್ ಆಗುತ್ತದೆ. ಮೊದಲನೆಯದು ಕಣ್ಣಿಗೆ ಕಂಡು ಎಚ್ಚರಿಸುತ್ತದೆ, ಎರಡನೆಯದು ಕಣ್ಣಿಗೆ ಕಾಣದೆ ಕೊಲ್ಲುತ್ತದೆ. ಸಿಲಿಂಡರ್ ಎಷ್ಟು ಸಲ ಬೋರ್ ಆಗಿದೆ ಎಂಬುದನ್ನೂ ಕೇಳಬೇಕು. ಪ್ರತಿ ಸಲ ಕಾಲು ಮಿಲಿಮೀಟರ್ ಕೊರೆದು ದೊಡ್ಡ ಪಿಸ್ಟನ್ ಕೂರಿಸುತ್ತಾರೆ. ಒಂದು ಮಿಲಿಮೀಟರ್ ಮುಟ್ಟಿದರೆ ಮುಂದೆ ಹೊಸ ಸ್ಲೀವ್ ಹಾಕಿಸಬೇಕು. ಕಿವಿ ಪಳಗಿದ ಮಿಸ್ತ್ರಿ ಪಿಸ್ಟನ್ನಿನ ಕಟಕಟ ಸದ್ದನ್ನೂ ಬೇರಿಂಗಿನ ಗೊರಗೊರ ಸದ್ದನ್ನೂ ಬೇರೆಬೇರೆಯಾಗಿ ಗುರುತಿಸುತ್ತಾನೆ. ಅಂಥವನನ್ನು ಜೊತೆಗೆ ಕರೆದೊಯ್ಯುವುದು ಈ ಖರೀದಿಯ ಅತ್ಯಂತ ಅಗ್ಗದ ಖರ್ಚು, ಅತ್ಯಂತ ಸುಖದ ಗಳಿಗೆಯೂ ಹೌದು.

ಈ ಸೀಮೆಯ ಗಾಡಿಗೆ ಮಾತ್ರ ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ: ಏರ್ ಫಿಲ್ಟರ್ ಎಂದಾದರೂ ತೆಗೆದದ್ದಿದೆಯೇ? ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳು, ಶಹಾಬಾದಿನ ಕಲ್ಲಿನ ಖಣಿಗಳು, ಲಾರಿಗಳು ತುಳಿದ ರಸ್ತೆಗಳು ಸೇರಿ ಇಲ್ಲಿನ ಗಾಳಿಯಲ್ಲಿ ಸುಣ್ಣಕಲ್ಲಿನ ಹಿಟ್ಟಿನಂಥ ಧೂಳು. ಫೋರ್ ಸ್ಟ್ರೋಕ್ ಗಾಡಿಯಲ್ಲಿ ಗಾಳಿ ನೇರ ಸಿಲಿಂಡರಿಗೆ ಹೋಗುತ್ತದೆ. ಟೂ ಸ್ಟ್ರೋಕ್‌ನಲ್ಲಿ ಅದು ಮೊದಲು ಕ್ರ್ಯಾಂಕ್ ಇರುವ ಕೋಣೆಗೆ ಇಳಿದು, ಬೇರಿಂಗುಗಳನ್ನು ಸವರಿಕೊಂಡು, ಆಮೇಲೆ ಪಿಸ್ಟನ್ನಿನ ಮೇಲಕ್ಕೆ ಏರುತ್ತದೆ. ಸದ್ದು ಹೆಚ್ಚಲಿ ಎಂದು ಫಿಲ್ಟರ್ ಕಿತ್ತ ಗಾಡಿ ಧೂಳನ್ನು ನೇರ ಬೇರಿಂಗಿಗೆ ತಿನ್ನಿಸಿರುತ್ತದೆ. ಫಿಲ್ಟರ್ ಡಬ್ಬಿ ಬಿಚ್ಚಿ ಆಯಿಲ್ ಸವರಿದ ಸ್ಪಂಜು ಇದೆಯೇ, ಡಬ್ಬಿಯ ಒಳಗೋಡೆಯಲ್ಲಿ ಬೂದಿ ಬಣ್ಣದ ಪುಡಿ ಕೂತಿದೆಯೇ ಎಂದು ಬೆರಳಿಂದ ನೋಡಿದರೆ, ಸ್ಪೀಡೋಮೀಟರ್ ಹೇಳದ ಚರಿತ್ರೆ ಗೊತ್ತಾಗುತ್ತದೆ. ಬಹುಕಾಲ ನಿಂತ ಗಾಡಿಯಾದರೆ ಟ್ಯಾಂಕಿನೊಳಕ್ಕೂ ಟಾರ್ಚ್ ಹಾಕಬೇಕು. ಈಗಿನ ಪೆಟ್ರೋಲಿನಲ್ಲಿ ಬೆರೆತ ಎಥನಾಲ್ ನೀರಿನ ಪಸೆಯನ್ನು ಹೀರುತ್ತದೆ. ಟ್ಯಾಂಕಿಗೆ ತುಕ್ಕು, ಹಳೆಯ ರಬ್ಬರುಗಳಿಗೆ ಹಾನಿ.

ಓಡಿಸಿ ನೋಡಲು ಊರೊಳಗಿನ ಓಣಿ ಸಾಲದು. ಚಿಂಚೋಳಿಯಿಂದ ಕುಂಚಾವರಂ ಕಾಡಿನ ಕಡೆ ಏರಿಳಿಯುವ ದಾರಿಯಂಥದು ಬೇಕು. ಏರಿನಲ್ಲಿ ಮೂರನೇ ಗೇರಿನಲ್ಲಿ ಎಕ್ಸಲೇಟರ್ ತಿರುವಿದಾಗ ಕ್ಲಚ್ ಜಾರಿದರೆ ಸದ್ದು ಏರುತ್ತದೆ, ವೇಗ ಏರುವುದಿಲ್ಲ. ಇಳಿಜಾರಿನಲ್ಲಿ ಬ್ರೇಕಿನ ಮಿತಿ ತಿಳಿಯುತ್ತದೆ. ಎರಡು ಗಾಲಿಗೂ ಡ್ರಮ್ ಬ್ರೇಕೇ. ಗಾಡಿ ಓಡುವಷ್ಟು ಚೆನ್ನಾಗಿ ನಿಲ್ಲುವುದಿಲ್ಲ. ಸರಿಯಾದ ಗಾಡಿಯಾದರೆ ಇದೇ ದಾರಿಯಲ್ಲಿ, ಮರಗಳ ನಡುವೆ ಸದ್ದು ಒಂದೇ ಎಳೆಯಾಗಿ ಬಿಗಿದುಕೊಳ್ಳುವ ಒಂದು ಹಂತ ಬರುತ್ತದೆ. ಆ ಹಂತ ಬಾರದ ಗಾಡಿಗೆ ಲಕ್ಷ ಕೊಡಲು ಕಾರಣವೇ ಇಲ್ಲ.

ಉಳಿದದ್ದು ಲೆಕ್ಕ. ಮಿರುಗುವ ಗಾಡಿಯೊಂದಕ್ಕೆ 1,20,000 ಕೇಳುತ್ತಾರೆ, ಮಾಸಿದ್ದಕ್ಕೆ 85,000 ಎಂದಿಟ್ಟುಕೊಳ್ಳೋಣ. ಮಾಸಿದ್ದರ ಇಂಜಿನ್, ಟೈರು, ಚೈನು, ಕಾಗದಕ್ಕೆಲ್ಲ ಸೇರಿ 35,000 ಹಿಡಿದರೆ ಎರಡೂ ಒಂದೇ ಮೊತ್ತಕ್ಕೆ ಬಂದು ನಿಲ್ಲುತ್ತವೆ. ಆದರೆ ಎರಡನೆಯದರ ಇಂಜಿನ್ ಕೊಂಡವರ ಕಣ್ಣೆದುರೇ ಬಿಚ್ಚಿ ಕೂಡಿಸಿದ್ದು. ಕಾಗದ ಸರಿಯಿದ್ದರೆ ಅದೇ ಮೇಲು. ಇಷ್ಟು ಹಳೆಯ ಗಾಡಿಗೆ ಬ್ಯಾಂಕಿನ ಸಾಲ ಸಿಗುವುದು ಕಷ್ಟ, ಪೂರ್ತಿ ನಗದೇ ಬೇಕು. ಕಳುವಾದರೆ ಥರ್ಡ್ ಪಾರ್ಟಿ ವಿಮೆಯಿಂದ ಬಿಡಿಗಾಸೂ ಬರುವುದಿಲ್ಲ. ತೊಗರಿ ಮಾರಿದ ಹಣ ಕೈಗೆ ಬರುವ ಜನವರಿ, ಫೆಬ್ರವರಿಯಲ್ಲಿ ಕೊಳ್ಳುವವರ ಅವಸರ ಮಾರುವವರಿಗೆ ಗೊತ್ತಿರುತ್ತದೆ. ಬಿತ್ತನೆಯ ಖರ್ಚಿನ ದಿನಗಳಲ್ಲಿ ಚೌಕಾಶಿಗೆ ಹೆಚ್ಚು ಜಾಗವಿದೆ. ದಿನವೂ ಕಾರ್ಖಾನೆಯ ಪಾಳಿಗೆ ಹೋಗಿಬರಲು ಗಾಡಿ ಬೇಕಾದವರಿಗೆ ಇದು ತಕ್ಕದ್ದಲ್ಲ. ಭಾನುವಾರ ಬೆಳಿಗ್ಗೆ ಸ್ಪಾನರ್ ಹಿಡಿದು ಕೂರುವುದರಲ್ಲೂ ಓಡಿಸುವಷ್ಟೇ ಸಂತೋಷ ಕಾಣುವವರಿಗೆ, ಕಾಗದವೂ ನಂಬರೂ ಸರಿಯಿದ್ದರೆ, ಏರಿದ ಬೆಲೆಯೂ ದುಬಾರಿಯಲ್ಲ.

ಲೆಕ್ಕ ಹೊಂದದಿದ್ದರೆ ನೂರರ ಬಳಿಕ ಬಂದ ಆರ್‌ಎಕ್ಸ್ ಜಿ ಮತ್ತು ಆರ್‌ಎಕ್ಸ್ 135 ಇವೆ. ಹೆಸರಿನಲ್ಲಿ 135 ಎಂದಿದ್ದರೂ ಇಂಜಿನ್ 132 ಸಿಸಿಯದು; ಐದು ಗೇರಿನ ಮಾದರಿಯೂ ಬಂದಿತ್ತು. ನೂರರ ಹೆಸರಿಲ್ಲದ್ದರಿಂದ ಅವುಗಳ ಬೆಲೆ ಕೆಲವೊಮ್ಮೆ ಕಡಿಮೆ. ವಯಸ್ಸೂ ಕಡಿಮೆಯಾದ್ದರಿಂದ ಮೊದಲ ಮಾಲೀಕರು ಊರಲ್ಲೇ ಸಿಗುವ ಸಂಭವ ಹೆಚ್ಚು.